1133 ದಿನ ಗದ್ದುಗೆ, 5780 ದಿನ ಸೆರೆ

1976ರ ಸೆಪ್ಟೆಂಬರ್ 18, ಮಧ್ಯಾಹ್ನ 3 ಗಂಟೆ. ಬೀಜಿಂಗಿನ ತಿಯೆನಾನ್‌ಮೆನ್ ಚೌಕದಲ್ಲಿ ಹತ್ತು ಲಕ್ಷ ಜನ ತಲೆ ತಗ್ಗಿಸಿ ನಿಂತಿದ್ದರು. ಮಾವೋ ಸತ್ತು ಒಂಬತ್ತು ದಿನವಾಗಿತ್ತು. ದೇಶದ ಉದ್ದಗಲಕ್ಕೂ ರೈಲು, ಹಡಗು, ಕಾರ್ಖಾನೆಗಳ ಸೈರನ್ನುಗಳು ಮೂರು ನಿಮಿಷ ಒಟ್ಟಿಗೆ ಕೂಗಿದವು. ಅಂದು ಶ್ರದ್ಧಾಂಜಲಿ ಭಾಷಣ ಓದಿದವನು ಪ್ರಧಾನಿ ಹುವಾ ಗುಫೆಂಗ್. ಸಭೆ ನಡೆಸಿಕೊಟ್ಟವನು ವಾಂಗ್ ಹಾಂಗ್‌ವೆನ್ ಎಂಬ ನಲವತ್ತರ ಪ್ರಾಯದ ಮನುಷ್ಯ. ಹುವಾನ ಪಕ್ಕದಲ್ಲೇ ನಿಂತು, ಅವನ ಕೈಯಲ್ಲಿದ್ದ ಹಾಳೆಯತ್ತ ಕತ್ತು ಬಾಗಿಸಿ ಇಣುಕುತ್ತಿರುವ ವಾಂಗ್‌ನ ಚಿತ್ರ ಇಂದಿಗೂ ನೋಡಸಿಗುತ್ತದೆ.

ಹದಿನೆಂಟು ದಿನ ಕಳೆಯುವಷ್ಟರಲ್ಲಿ ಈತ ಕೈದಿ. ಇನ್ನು ಕೆಲವು ವಾರಗಳಿಗೆ ಅದೇ ಶೋಕಸಭೆಯ ಫೋಟೋಗಳು ಚೀನಾದ ಸಚಿತ್ರ ಪತ್ರಿಕೆಯಲ್ಲಿ ಅಚ್ಚಾದವು. ಮುಖಂಡರ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದ ಜಾಗಗಳು ಬರಿದಾಗಿದ್ದವು. ಆಚೀಚೆಯವರನ್ನು ಹತ್ತಿರಕ್ಕೆ ಜರುಗಿಸಿ ತೂತು ಮುಚ್ಚುವ ಗೋಜಿಗೂ ಯಾರೂ ಹೋಗಿರಲಿಲ್ಲ. ಕೋಟ್ಯಂತರ ಜನ ಆ ಖಾಲಿ ಜಾಗವನ್ನು ನೋಡಿದರು, ಅಲ್ಲಿ ಯಾರಿದ್ದರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ.

ಜಿಯಾಂಗ್ ಚಿಂಗ್, ಝಾಂಗ್ ಚುನ್‌ಚಿಯಾವೊ, ಯಾವೊ ವೆನ್‌ಯುವಾನ್, ವಾಂಗ್ ಹಾಂಗ್‌ವೆನ್. ಈ ‘ನಾಲ್ವರ ಕೂಟ’ದಲ್ಲಿ ಎಲ್ಲರಿಗೂ ನೆನಪಿರುವುದು ಮಾವೋನ ಹೆಂಡತಿ ಜಿಯಾಂಗ್ ಚಿಂಗ್. ನನಗೆ ಬೆರಗು ಹುಟ್ಟಿಸುವವನು ಮಾತ್ರ ನಾಲ್ಕನೆಯವನು. ಜಿಯಾಂಗ್ ನಟಿ, ಝಾಂಗ್ ಮತ್ತು ಯಾವೊ ಇಬ್ಬರೂ ಲೇಖನಿಯವರು. ವಾಂಗ್ ಒಬ್ಬನೇ ಗಿರಣಿಯಿಂದ ಬಂದವನು. ಅವನ ಬದುಕನ್ನು ಲೆಕ್ಕದ ಪುಸ್ತಕದ ಹಾಗೆ ಓದಬಹುದು, ಅಂಕಿಗಳೇ ಅಷ್ಟು ವಿಚಿತ್ರವಾಗಿವೆ.

ಹುಟ್ಟಿದ್ದು 1935ರ ಡಿಸೆಂಬರಿನಲ್ಲಿ, ಈಶಾನ್ಯ ಚೀನಾದ ಚಾಂಗ್‌ಚುನ್ ಬಳಿಯ ಹಳ್ಳಿಯಲ್ಲಿ, ಬಡ ರೈತರ ಮನೆಯಲ್ಲಿ. ಅದಕ್ಕೆ ಎರಡೇ ತಿಂಗಳ ಹಿಂದೆ, ಅದೇ ಅಕ್ಟೋಬರಿನಲ್ಲಿ, ಮಾವೋನ ಕೆಂಪು ಸೇನೆ ತನ್ನ ‘ಮಹಾ ನಡಿಗೆ’ ಮುಗಿಸಿತ್ತು. ಹೊರಟಾಗ ಸುಮಾರು 86 ಸಾವಿರ ಜನ, ಒಂದು ವರ್ಷ ನಡೆದು ಗುರಿ ಮುಟ್ಟಿದವರು ಅದರ ಹತ್ತನೇ ಒಂದು ಭಾಗವೂ ಇಲ್ಲ. ಮುಂದೆ ಚೀನಾವನ್ನು ಆಳಿದವರು ಬಹುಪಾಲು ಆ ಉಳಿದವರೇ. ಆ ನಡಿಗೆಯಲ್ಲಿ ಕಾಲು ಸವೆಸಿದ್ದು ಅವರ ಪಾಲಿಗೆ ಜೀವಮಾನದ ಬಂಡವಾಳ. ವಾಂಗ್ ಆಗ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ.

ಹದಿಹರೆಯದಲ್ಲಿ ಸೈನ್ಯ ಸೇರಿ ಕೊರಿಯಾ ಯುದ್ಧಕ್ಕೆ ಹೋದ. 1953ರಲ್ಲಿ ಪಕ್ಷದ ಸದಸ್ಯನಾದ. ಸೈನ್ಯ ಬಿಟ್ಟ ಮೇಲೆ ಶಾಂಘೈನ 17ನೇ ನಂಬರ್ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಮೊದಲು ಕಾರ್ಮಿಕ, ಆಮೇಲೆ ಗಿರಣಿಯ ಭದ್ರತಾ ವಿಭಾಗದಲ್ಲಿ ಸಣ್ಣ ಅಧಿಕಾರಿ. ಮೂವತ್ತು ವರ್ಷ ತುಂಬಿದಾಗ ಅವನ ಅಧಿಕಾರವೆಲ್ಲ ಗಿರಣಿಯ ಗೇಟಿನ ಒಳಗೇ ಇತ್ತು.

1966ರ ಜೂನ್ 12ರಂದು ಆತ ಕೆಲವು ಸಂಗಾತಿಗಳೊಂದಿಗೆ ಗಿರಣಿಯ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿದ. ದೊಡ್ಡ ಅಕ್ಷರಗಳಲ್ಲಿ ಮೇಲಧಿಕಾರಿಗಳ ವಿರುದ್ಧ ದೂರು ಬರೆದಿದ್ದ. ಆ ಬೇಸಿಗೆಯಲ್ಲಿ ಚೀನಾದ ಗೋಡೆಗೋಡೆಯ ಮೇಲೂ ಇಂಥ ಬರಹ ಬೀಳುತ್ತಿತ್ತು, ಸಾಂಸ್ಕೃತಿಕ ಕ್ರಾಂತಿಯ ಆರಂಭ ಅದು. ಆಗಸ್ಟ್‌ನಿಂದ ನವೆಂಬರ್‌ವರೆಗೆ ಎಂಟು ಸಲ ತಿಯೆನಾನ್‌ಮೆನ್‌ನಲ್ಲಿ ನಿಂತು ಮಾವೋ ದರ್ಶನ ಕೊಟ್ಟ ರೆಡ್ ಗಾರ್ಡ್ ಹುಡುಗ ಹುಡುಗಿಯರ ಸಂಖ್ಯೆಯೇ ಒಂದು ಕೋಟಿ ದಾಟಿತ್ತು. ಮಾವೋನ ಸೂಕ್ತಿಗಳ ಆ ಕೆಂಪು ಕಿರುಹೊತ್ತಿಗೆ ಮೂರೇ ವರ್ಷಗಳಲ್ಲಿ 70 ಕೋಟಿಗೂ ಹೆಚ್ಚು ಪ್ರತಿ ಅಚ್ಚಾಯಿತು. ಇಂಥ ಮಹಾಪೂರದಲ್ಲಿ ಒಂದು ಹತ್ತಿ ಗಿರಣಿಯ ಭಿತ್ತಿಪತ್ರ ಯಾವ ಲೆಕ್ಕ?

ಲೆಕ್ಕಕ್ಕೆ ಬಂದದ್ದು ನವೆಂಬರಿನಲ್ಲಿ. 9ನೇ ತಾರೀಕು ಶಾಂಘೈನ ಬಂಡುಕೋರ ಕಾರ್ಮಿಕರು ತಮ್ಮದೇ ‘ಪ್ರಧಾನ ಕಚೇರಿ’ ಕಟ್ಟಿಕೊಂಡರು, ವಾಂಗ್ ಅದರ ಮುಂದಾಳು. ನಗರದ ಆಡಳಿತ ಮಾನ್ಯತೆ ಕೊಡಲಿಲ್ಲ. ಮರುದಿನ ಸಾವಿರಕ್ಕೂ ಹೆಚ್ಚು ಜನ ಬೀಜಿಂಗಿಗೆ ದೂರು ಹೇಳಲು ರೈಲು ಹತ್ತಿದರು. ಊರ ಹೊರಗಿನ ಆಂತಿಂಗ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ರೈಲನ್ನು ಪಕ್ಕದ ಹಳಿಗೆ ತಳ್ಳಿ ನಿಲ್ಲಿಸಲಾಯಿತು. ಸಿಟ್ಟಿಗೆದ್ದ ಕಾರ್ಮಿಕರು ಹಳಿಯ ಮೇಲೆ ಮಲಗಿದರು. ಶಾಂಘೈ-ನಾನ್ಜಿಂಗ್ ಮಾರ್ಗವೆಂದರೆ ಇಡೀ ದೇಶದಲ್ಲೇ ಅತಿ ಹೆಚ್ಚು ರೈಲುಗಳು ಓಡುವ ಹಳಿಗಳಲ್ಲಿ ಒಂದು. ಅದು 30 ಗಂಟೆಗೂ ಹೆಚ್ಚು ಹೊತ್ತು ಬಂದ್ ಆಯಿತು.

ವಾಪಸು ಹೋಗಿ ಎಂದು ಬೀಜಿಂಗಿನಿಂದ ತಂತಿ ಬಂತು. ಮಾತುಕತೆಗೆಂದು ಝಾಂಗ್ ಚುನ್‌ಚಿಯಾವೊ ವಿಮಾನದಲ್ಲಿ ಧಾವಿಸಿ ಬಂದ. ಬಂದವನು ಮೇಲಿನವರನ್ನೂ ಶಾಂಘೈನ ನಾಯಕರನ್ನೂ ಕೇಳದೆ ಕಾರ್ಮಿಕರ ಐದೂ ಬೇಡಿಕೆಗಳಿಗೆ ಸಹಿ ಹಾಕಿಬಿಟ್ಟ. ಮೊದಲು ಮಾಡಿ ಆಮೇಲೆ ವರದಿ ಒಪ್ಪಿಸಿದರೂ ಪರವಾಗಿಲ್ಲ ಎಂಬರ್ಥದಲ್ಲಿ ಮಾವೋ ಅದಕ್ಕೆ ಒಪ್ಪಿಗೆ ಕೊಟ್ಟ. ಮುಂದಿನ ಹತ್ತು ವರ್ಷ ವಾಂಗ್‌ನ ಏರಿಕೆಯಲ್ಲಿ ಹಳಿಯ ಮೇಲೆ ಮಲಗಿದ ಸಾವಿರ ಜನರ ಪಾಲು ಕಡಿಮೆ, ಆ ಒಬ್ಬನ ಒಪ್ಪಿಗೆಯ ಪಾಲೇ ಹೆಚ್ಚು ಎಂಬುದು ನನ್ನ ಎಣಿಕೆ.

ಆಮೇಲೆ ಅಂಕಿಗಳು ಓಡತೊಡಗಿದವು. ಡಿಸೆಂಬರ್ 30ರಂದು ಕಾಂಗ್‌ಪಿಂಗ್ ರಸ್ತೆಯಲ್ಲಿ ಎದುರಾಳಿ ಕಾರ್ಮಿಕರೊಂದಿಗೆ ಬಡಿದಾಟ, 91 ಜನರಿಗೆ ಗಾಯ. 1967ರ ಜನವರಿ 4ರಂದು ಒಂದು ದಿನಪತ್ರಿಕೆ ಬಂಡುಕೋರರ ಕೈವಶ, 5ರಂದು ಇನ್ನೊಂದು. 6ರಂದು ನಗರದ ಮೇಯರ್‌ ಮತ್ತು ಪಕ್ಷದ ಕಾರ್ಯದರ್ಶಿಯನ್ನು ಹತ್ತು ಲಕ್ಷ ಜನರ ಮುಂದೆ ನಿಲ್ಲಿಸಿ ಹೀಗಳೆದರು. ಫೆಬ್ರುವರಿ 5ರಂದು ಹೊಸ ಆಡಳಿತಕ್ಕೆ ‘ಶಾಂಘೈ ಜನತಾ ಕಮ್ಯೂನ್’ ಎಂದು ನಾಮಕರಣವಾಯಿತು. 1871ರ ಪ್ಯಾರಿಸ್ ಕಮ್ಯೂನಿನ ನೆನಪಿಗೆ ಇಟ್ಟ ಹೆಸರು. ಪ್ಯಾರಿಸ್ಸಿನದು 72 ದಿನ ಬದುಕಿತ್ತು, ಶಾಂಘೈನದು 19 ದಿನಕ್ಕೇ ಮುಗಿಯಿತು. ಅದನ್ನು ಶತ್ರುಗಳೇನೂ ಬಂದು ಮುಗಿಸಲಿಲ್ಲ. ಎಲ್ಲ ಪ್ರಾಂತಗಳೂ ಕಮ್ಯೂನ್ ಆಗಿಬಿಟ್ಟರೆ ದೇಶದ ಹೆಸರನ್ನೇ ಬದಲಿಸಬೇಕಾದೀತು, ಆಗ ಹೊರದೇಶಗಳು ಮಾನ್ಯತೆ ಕೊಡುವುದೇನು ಕಥೆ ಎಂದು ಮಾವೋಗೆ ಚಿಂತೆಯಾಯಿತಂತೆ. ಬೋರ್ಡು ಬದಲಾಗಿ ‘ಕ್ರಾಂತಿಕಾರಿ ಸಮಿತಿ’ ಎಂದಾಯಿತು.

ಆ ಆಗಸ್ಟ್ 4ರಂದು ಶಾಂಘೈ ಡೀಸೆಲ್ ಎಂಜಿನ್ ಕಾರ್ಖಾನೆಯ ಮೇಲೆ ವಾಂಗ್ ನಡೆಸಿದ್ದು ಮುತ್ತಿಗೆಯಲ್ಲ, ಯುದ್ಧ. ಅವನ ಆಜ್ಞೆಯಂತೆ ಲಕ್ಷಕ್ಕೂ ಮಿಕ್ಕಿದ ಜನ ಒಂದು ಕಾರ್ಖಾನೆಯನ್ನು ಸುತ್ತುವರಿದರು. ಒಳಗಿದ್ದವರೂ ಕಾರ್ಮಿಕರೇ, ಅವರೂ ಮಾವೋಗೇ ಜೈ ಅನ್ನುತ್ತಿದ್ದವರು, ಬಣ ಮಾತ್ರ ಬೇರೆ. ಸೆರೆ ಸಿಕ್ಕವರೂ ಅಂಗವಿಕಲರಾದವರೂ ಸೇರಿ 650 ಎಂದು ಮುಂದೆ ನ್ಯಾಯಾಲಯ ಲೆಕ್ಕ ಹಾಕಿತು.

1969ರಲ್ಲಿ ವಾಂಗ್ ಕೇಂದ್ರ ಸಮಿತಿಗೆ ಬಂದ. 1972ರ ಸೆಪ್ಟೆಂಬರಿನಲ್ಲಿ ಬೀಜಿಂಗಿಗೆ ಕರೆ ಬಂತು. ಕಾರಣ ಸರಳವಾಗಿತ್ತು, ಗದ್ದುಗೆಗೆ ಉತ್ತರಾಧಿಕಾರಿಗಳು ಉಳಿದಿರಲಿಲ್ಲ. ಮೊದಲನೆಯವನು ಲಿಯು ಶಾವೊಚಿ, 1969ರ ನವೆಂಬರಿನಲ್ಲಿ ಕೈಫೆಂಗಿನ ಸೆರೆಯಲ್ಲಿ ಚಿಕಿತ್ಸೆಯಿಲ್ಲದೆ ಸತ್ತ. ಎರಡನೆಯವನು ಲಿನ್ ಬಿಯಾವೊ. ಮಾವೋ ನಂತರ ಇವನೇ ಎಂದು ಪಕ್ಷದ ಸಂವಿಧಾನದಲ್ಲೇ ಹೆಸರು ಬರೆಸಿಕೊಂಡಿದ್ದವನು, 1971ರ ಸೆಪ್ಟೆಂಬರ್ 13ರಂದು ಓಡಿಹೋಗುತ್ತಿದ್ದ ವಿಮಾನ ಮಂಗೋಲಿಯಾದಲ್ಲಿ ಬಿದ್ದು ಇನ್ನೂ ಎಂಟು ಜನರೊಂದಿಗೆ ಬೂದಿಯಾದ. ಮೂರನೆಯವನ ಹುಡುಕಾಟದಲ್ಲಿದ್ದ ಮಾವೋ ಕಣ್ಣಿಗೆ ರೈತನ ಮಗ, ಸೈನಿಕ, ಕಾರ್ಮಿಕ ಈ ಮೂರೂ ಒಂದೇ ದೇಹದಲ್ಲಿ ಸಿಕ್ಕವು. ಭಿತ್ತಿಪತ್ರದಲ್ಲಿ ಬರೆಯುವ ಆದರ್ಶ ಮನುಷ್ಯನೇ ಎದ್ದು ಬಂದ ಹಾಗೆ.

1973ರ ಆಗಸ್ಟ್ 24ರಿಂದ 28ರವರೆಗೆ ಪಕ್ಷದ ಹತ್ತನೇ ಮಹಾಧಿವೇಶನ ನಡೆಯಿತು. ಆ ಏಣಿಯ ಎತ್ತರ ತಿಳಿಯಬೇಕಾದರೆ ಮೆಟ್ಟಿಲುಗಳನ್ನು ಎಣಿಸಬೇಕು. ಚೀನಾದ ಜನಸಂಖ್ಯೆ ಆಗ ಸುಮಾರು 89 ಕೋಟಿ. ಅದರಲ್ಲಿ ಪಕ್ಷದ ಸದಸ್ಯರು 2 ಕೋಟಿ 80 ಲಕ್ಷ. ಹೆಚ್ಚುಕಡಿಮೆ ಆಗಿನ ಇಡೀ ಮೈಸೂರು ರಾಜ್ಯದಷ್ಟು ಎನ್ನಿ, 1971ರ ಗಣತಿಯಲ್ಲಿ ನಾವು 2 ಕೋಟಿ 93 ಲಕ್ಷ ಇದ್ದೆವು. ಅಷ್ಟು ಸದಸ್ಯರ ಪರವಾಗಿ ಬಂದ ಪ್ರತಿನಿಧಿಗಳು 1249, ಅಂದರೆ 22 ಸಾವಿರ ಚಿಲ್ಲರೆ ಸದಸ್ಯರಿಗೆ ಒಬ್ಬ. ಅವರಿಂದ ಕೇಂದ್ರ ಸಮಿತಿಗೆ ಪೂರ್ಣ ಸದಸ್ಯರು 195, ಪರ್ಯಾಯ ಸದಸ್ಯರು 124. ಅವರಲ್ಲಿ ಪಾಲಿಟ್‌ಬ್ಯೂರೋಗೆ 25. ಅವರಲ್ಲಿ ಸ್ಥಾಯಿ ಸಮಿತಿಗೆ 9. ಅವರಲ್ಲಿ ಉಪಾಧ್ಯಕ್ಷರು 5. ಆ ಐವರಲ್ಲಿ ಪ್ರಧಾನಿ ಚೌ ಎನ್‌ಲಾಯ್ ಆದ ಮೇಲಿನ ಹೆಸರೇ ವಾಂಗ್ ಹಾಂಗ್‌ವೆನ್. ಮಾವೋ ಒಂದು, ಚೌ ಎರಡು, ಗಿರಣಿಯ ಕಾವಲಿನವನು ಮೂರು.

ವಯಸ್ಸು 37. ಸ್ಥಾಯಿ ಸಮಿತಿಯ ಉಳಿದ ಎಂಟು ಜನರ ವಯಸ್ಸನ್ನು ಕೂಡಿಸಿ ಭಾಗಿಸಿ ನೋಡಿದೆ. ಝೂ ಡೆಗೆ 86, ಡಾಂಗ್ ಬಿವುಗೆ 87, ಮಾವೋಗೆ 79. ಸರಾಸರಿ 74 ಬಂತು. ಸರಿಯಾಗಿ ಇವನ ಎರಡರಷ್ಟು! ಭಿತ್ತಿಪತ್ರ ಅಂಟಿಸಿದ ದಿನದಿಂದ ಇಲ್ಲಿಗೆ ಬರಲು ಹಿಡಿದದ್ದು ಏಳು ವರ್ಷ ಎರಡೂವರೆ ತಿಂಗಳು. ಚೌ ಎನ್‌ಲಾಯ್ ಎರಡನೇ ಜಾಗದಲ್ಲಿ ಕೂರುವಾಗ ಪಕ್ಷದಲ್ಲಿ ಅರ್ಧ ಶತಮಾನ ಕಳೆದಿದ್ದ. ರಾಕೆಟ್ ಏರಿ ಬಂದವನು ಎಂದು ಚೀನೀಯರು ವಾಂಗ್‌ನನ್ನು ಆಡಿಕೊಳ್ಳುವುದರಲ್ಲಿ ಅತಿಶಯವೇನಿಲ್ಲ.

ಅದೇ ಅಧಿವೇಶನದಲ್ಲಿ ಪಕ್ಷದ ಸಂವಿಧಾನದ ತಿದ್ದುಪಡಿಯ ವರದಿ ಓದಿದವನೂ ವಾಂಗ್. ತಿದ್ದುಪಡಿಯ ಮುಖ್ಯ ಕೆಲಸವೇ ಲಿನ್ ಬಿಯಾವೊನ ಹೆಸರನ್ನು ಅಳಿಸುವುದು. ಒಬ್ಬ ಉತ್ತರಾಧಿಕಾರಿಯ ಹೆಸರು ಹೇಗೆ ಅಳಿಯುತ್ತದೆ ಎಂಬುದನ್ನು ಸ್ವಂತ ಬಾಯಿಂದ ಓದಿ ಹೇಳಿದ ಹಾಗಾಯಿತು.

ಮಾವೋ ಅವನಿಗೆ ಓದಲು ಹಳೆಯ ಚರಿತ್ರೆಯ ಒಂದು ಅಧ್ಯಾಯ ಸೂಚಿಸಿದ್ದ, ಲಿಯು ಪೆನ್‌ಝಿಯ ಕಥೆ. ಕ್ರಿಸ್ತಶಕ 25ರ ಮಾತು. ಹುಬ್ಬಿಗೆ ಕೆಂಪು ಬಳಿದುಕೊಂಡ ದಂಗೆಕೋರರಿಗೆ ಒಬ್ಬ ಚಕ್ರವರ್ತಿ ಬೇಕಾಗಿತ್ತು. ಹಳೆಯ ರಾಜವಂಶದ ಮೂವರನ್ನು ನಿಲ್ಲಿಸಿ ಚೀಟಿ ಎತ್ತಿಸಿದರು. ಕೊನೆಗೆ ಚೀಟಿ ಎತ್ತಿದ ಹದಿನೈದು ವರ್ಷದ ದನ ಕಾಯುವ ಹುಡುಗನಿಗೆ ಪಟ್ಟ ಬಂತು. ಸರದಾರರೆಲ್ಲ ಅಡ್ಡಬಿದ್ದಾಗ ಹುಡುಗನಿಗೆ ಅಳುವೇ ಬಂತಂತೆ. ಎರಡು ವರ್ಷ ತುಂಬುವುದರೊಳಗೆ ಶರಣಾಗತಿ. ಮಾವೋ ಇದನ್ನು ಎಚ್ಚರಿಕೆಯಾಗಿ ಕೊಟ್ಟನೋ, ಇಲ್ಲ ಹಾಸ್ಯವಾಗಿಯೋ, ಎರಡೂ ಇದ್ದೀತು. ಚೀಟಿ ಹಾಕಿದ ಕೈ ಮಾತ್ರ ಅವನದೇ.

ಗದ್ದುಗೆಯ ಮೇಲೆ ವಾಂಗ್ ಏನು ಮಾಡಿದ? ಇಲ್ಲಿ ಅಂಕಿಗಳು ತೆಳ್ಳಗಾಗುತ್ತವೆ. ಮಾವೋ ಪಕ್ಕದ ಕುರ್ಚಿಯಲ್ಲಿ ಕೂತು ವಿದೇಶಿ ಅತಿಥಿಗಳನ್ನು ಕಂಡ. ಫ್ರಾನ್ಸಿನ ಅಧ್ಯಕ್ಷ ಪಾಂಪಿಡು 1973ರ ಸೆಪ್ಟೆಂಬರಿನಲ್ಲಿ ಬಂದಾಗ ಅಲ್ಲಿದ್ದವರು ಮುದುಕ ಮಾವೋ, ಕಾಯಿಲೆಯ ಚೌ, ಎಳೆಯ ವಾಂಗ್. ಆದರೆ ಇವನಿಂದ ಆಡಳಿತ ನಡೆಯುವುದಿಲ್ಲ ಎಂದು ಮಾವೋಗೆ ಒಂದೇ ವರ್ಷದಲ್ಲಿ ಗೊತ್ತಾದಂತಿದೆ. 1974ರ ಅಕ್ಟೋಬರ್ 18ರಂದು, ತನ್ನ ಬಣದ ಮೂವರ ಪರವಾಗಿ, ವಾಂಗ್ ಗುಟ್ಟಾಗಿ ವಿಮಾನ ಹತ್ತಿ ಚಾಂಗ್‌ಷಾದಲ್ಲಿದ್ದ ಮಾವೋ ಬಳಿ ಹೋದ. ಚೌ ಎನ್‌ಲಾಯ್ ಮೇಲೂ ಉಪಪ್ರಧಾನಿ ಡೆಂಗ್ ಶಿಯಾಪಿಂಗ್ ಮೇಲೂ ಚಾಡಿ ಹೇಳಿದ. ಮಾವೋ ಬೈದು ಕಳಿಸಿದ. ನಾಲ್ಕು ಜನ ಕೂಟ ಕಟ್ಟಿಕೊಳ್ಳಬೇಡಿ ಎಂದು ಆ ದಿನಗಳಲ್ಲಿ ಗದರಿದವನೂ ಮಾವೋನೇ. ಶತ್ರುಗಳು ಆಮೇಲೆ ಅದನ್ನೇ ಹೆಸರು ಮಾಡಿಕೊಂಡರು. 1975ರ ನಡುವಿನ ಹೊತ್ತಿಗೆ ಪಾಲಿಟ್‌ಬ್ಯೂರೋದ ದಿನನಿತ್ಯದ ಕೆಲಸ ಡೆಂಗ್ ಕೈಗೆ ಹೋಯಿತು, ವಾಂಗ್‌ನನ್ನು ಶಾಂಘೈಗೆ ಸಾಗಹಾಕಲಾಯಿತು.

ಬಳಿಕ ಬಂದದ್ದು 1976. ಚೀನೀಯರು ಇಂದಿಗೂ ಉಸಿರು ಬಿಗಿಹಿಡಿದು ನೆನೆಯುವ ವರ್ಷ. ಜನವರಿ 8ಕ್ಕೆ ಚೌ ಹೋದ. ಏಪ್ರಿಲಿನಲ್ಲಿ ಡೆಂಗ್ ಮತ್ತೆ ಪದಚ್ಯುತ. ಜುಲೈ 6ಕ್ಕೆ ಝೂ ಡೆ ಹೋದ. ಜುಲೈ 28ರ ನಸುಕಿನಲ್ಲಿ ತಾಂಗ್‌ಶಾನ್ ಭೂಕಂಪ, ಸರ್ಕಾರದ ಲೆಕ್ಕದಲ್ಲೇ ಸತ್ತವರು 2 ಲಕ್ಷ 42 ಸಾವಿರ. ಸೆಪ್ಟೆಂಬರ್ 9ಕ್ಕೆ ಮಾವೋ. ಮೂರು ವರ್ಷದ ಹಿಂದೆ ಸ್ಥಾಯಿ ಸಮಿತಿಯಲ್ಲಿದ್ದ ಒಂಬತ್ತು ಜನರಲ್ಲಿ ಐವರು ಈಗ ಬೂದಿ ಅಥವಾ ಶವಪೆಟ್ಟಿಗೆ. ಒಬ್ಬ ಹೊಸಬ ಸೇರಿ, ಒಬ್ಬ ಹಳಬ ಹೊರಗೆ ಹೋಗಿ, ಉಳಿದದ್ದು ನಾಲ್ಕೇ ನಾಲ್ಕು: ಹುವಾ ಗುಫೆಂಗ್, ಯೆ ಜಿಯಾನ್‌ಯಿಂಗ್, ವಾಂಗ್, ಝಾಂಗ್. ತೊಂಬತ್ತು ಕೋಟಿಗೂ ಮಿಕ್ಕಿದ ಜನರ ದೇಶದ ತುತ್ತತುದಿಯಲ್ಲಿ ಎರಡಕ್ಕೆ ಎರಡು.

ಆ ಎರಡು ಈ ಎರಡನ್ನು ಹಿಡಿದು ಹಾಕಿತು. ಅಕ್ಟೋಬರ್ 6ರ ರಾತ್ರಿ 8 ಗಂಟೆಗೆ ನಾಯಕರ ನೆಲೆ ಚುಂಗ್‌ನಾನ್‌ಹಾಯ್‌ನಲ್ಲಿ ಸಭೆ ಎಂದು ಕರೆದರು. ವಿಷಯ ಮಾವೋ ಬರಹಗಳ ಐದನೇ ಸಂಪುಟ. ಬಾಗಿಲೊಳಗೆ ಕಾಲಿಟ್ಟವರನ್ನು ಒಬ್ಬೊಬ್ಬರನ್ನಾಗಿ ಕಾವಲು ಪಡೆಯವರು ಹಿಡಿದುಕೊಂಡರು. ವಾಂಗ್ ಒಬ್ಬನೇ ಕೊಸರಾಡಿದ, ಹತ್ತು ವರ್ಷದ ಹಿಂದಿನ ಹಳಿಯ ಮೇಲಿನ ಹುಂಬತನ ಅಷ್ಟಾದರೂ ಉಳಿದಿತ್ತು. ಜಿಯಾಂಗ್ ಚಿಂಗ್‌ಳನ್ನು ಮನೆಯಲ್ಲೇ ಬಂಧಿಸಿದರು. ಎಲ್ಲ ಮುಗಿಯಲು ಹಿಡಿದದ್ದು 35 ನಿಮಿಷ. ಒಂದು ಗುಂಡೂ ಹಾರಲಿಲ್ಲ. ಮಾವೋ ಸತ್ತು 27 ದಿನ.

ಇನ್ನೊಂದು ತಟ್ಟೆಯಲ್ಲಿದ್ದ ತೂಕ ನೋಡಿ. ವಾಂಗ್ ವರ್ಷಗಟ್ಟಲೆ ಬೆಳೆಸಿದ ಶಾಂಘೈ ಮಿಲಿಷಿಯಾಗೆ ಆ ಆಗಸ್ಟಿನಲ್ಲಷ್ಟೇ ಹಂಚಿದ ಬಂದೂಕು 74 ಸಾವಿರಕ್ಕೂ ಹೆಚ್ಚು, ಫಿರಂಗಿ 300, ಮದ್ದುಗುಂಡು ಒಂದು ಕೋಟಿಗೂ ಮಿಗಿಲು. ಬಂಧನದ ಸುದ್ದಿ ತಿಳಿದಾಗ 33 ಸಾವಿರಕ್ಕೂ ಹೆಚ್ಚು ಜನರನ್ನು ಸಜ್ಜುಗೊಳಿಸುವ ಯೋಜನೆಯೂ ಆಯಿತು. ಬೀಜಿಂಗ್ ಮಾಡಿದ್ದಿಷ್ಟೇ, ಶಾಂಘೈನ ಮುಖ್ಯ ನಾಯಕರನ್ನು ‘ಸಭೆಗೆ ಬನ್ನಿ’ ಎಂದು ಕರೆಸಿಕೊಂಡಿತು. ಹೋದವರು ಕೈಚೆಲ್ಲಿದರು. ಒಂದು ವಾರದಲ್ಲಿ ದಂಗೆಯ ಮಾತು ಆವಿಯಾಯಿತು. ಒಂದು ಕೋಟಿ ಗುಂಡು ಪೆಟ್ಟಿಗೆಯಲ್ಲೇ ಉಳಿದವು. ಕಾರ್ಮಿಕರ ನಾಯಕ ಎಂದು ಜಗತ್ತು ಕರೆದವನಿಗಾಗಿ ಕಾರ್ಮಿಕರ ಆ ಮಹಾನಗರದಲ್ಲಿ ಒಂದು ರೈಲೂ ನಿಲ್ಲಲಿಲ್ಲ.

ನಿಂತದ್ದು ಏಡಿ ಅಂಗಡಿಗಳ ಮುಂದೆ ಜನ. ಅಕ್ಟೋಬರ್ ಏಡಿಯ ಸುಗ್ಗಿ. ಮೂರು ಗಂಡು, ಒಂದು ಹೆಣ್ಣು, ನಾಲ್ಕನ್ನೂ ಒಂದೇ ಹುರಿಯಲ್ಲಿ ಕಟ್ಟಿಸಿಕೊಂಡು ಹೋಗಿ ಬೇಯಿಸಿ, ಮದ್ಯದ ಜೊತೆ ತಿಂದು ಹಬ್ಬ ಮಾಡಿದರು. ತಿಂಗಳ 24ಕ್ಕೆ ತಿಯೆನಾನ್‌ಮೆನ್‌ನಲ್ಲಿ ಮತ್ತೆ ಹತ್ತು ಲಕ್ಷ ಜನ ಸೇರಿದರು, ಈ ಸಲ ಸಂಭ್ರಮಕ್ಕೆ. ಐದು ವಾರದ ಹಿಂದೆ ಅದೇ ಚೌಕದಲ್ಲಿ ವಾಂಗ್ ಸಭೆ ನಡೆಸಿದಾಗಲೂ ಅಷ್ಟೇ ಜನರಿದ್ದರು. ಎಷ್ಟೋ ಮುಖಗಳು ಎರಡಕ್ಕೂ ಬಂದಿರಬೇಕು.

1977ರ ಜುಲೈನಲ್ಲಿ ಕೇಂದ್ರ ಸಮಿತಿ ವಾಂಗ್‌ನನ್ನು ಪಕ್ಷದಿಂದ ಹೊರಹಾಕಿತು. ಅದೇ ಸಭೆ 72 ವರ್ಷದ ಡೆಂಗ್‌ಗೆ ಕಸಿದ ಹುದ್ದೆಗಳನ್ನೆಲ್ಲ ಹಿಂತಿರುಗಿಸಿತು. ಚಾಡಿ ಹೇಳಲು ವಿಮಾನ ಹತ್ತಿದವನಿಗೂ ಚಾಡಿಗೆ ಗುರಿಯಾದವನಿಗೂ ಒಂದೇ ದಿನಚರಿಯಲ್ಲಿ ತೀರ್ಪು.

ವಿಚಾರಣೆ 1980ರ ನವೆಂಬರ್ 20ರಿಂದ 1981ರ ಜನವರಿ 25ರವರೆಗೆ. ಆರೋಪಿಗಳು 10, ನ್ಯಾಯಾಧೀಶರು 35. ಆರೋಪಪಟ್ಟಿಯ ಕಲಮುಗಳು 48. ಕಿರುಕುಳಕ್ಕೆ ಒಳಗಾದವರು 7 ಲಕ್ಷ 27 ಸಾವಿರಕ್ಕೂ ಹೆಚ್ಚು, ಅದರಿಂದ ಸತ್ತವರು 34 ಸಾವಿರಕ್ಕೂ ಹೆಚ್ಚು ಎಂದು ಅದು ಹೇಳಿತು. ಇದು ಹತ್ತು ಜನರ ತಲೆಗೆ ಕಟ್ಟಲಾದ ಲೆಕ್ಕ ಮಾತ್ರ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಒಟ್ಟು ಸತ್ತವರು ಐದು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಇರಬಹುದೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಎರಡು ಅಂಕಿಗಳ ನಡುವಿನ ಆ ಅಂತರ ಇದೆಯಲ್ಲ, ಅದರ ಹೊಣೆ ಹೊರಬೇಕಾದವನ ದೇಹ ಅದೇ ಚೌಕದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಅವನನ್ನು ಕಟಕಟೆಗೆ ಕರೆಯುವ ಧೈರ್ಯ 35 ಜನರಲ್ಲಿ ಒಬ್ಬರಿಗೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಕಟಕಟೆಯಲ್ಲಿ ಜಿಯಾಂಗ್ ಚಿಂಗ್ ಕಿರುಚಿದಳು, ಝಾಂಗ್ ತುಟಿ ಬಿಚ್ಚಲಿಲ್ಲ. ವಾಂಗ್ ಎಲ್ಲವನ್ನೂ ಒಪ್ಪಿಕೊಂಡ. ಜಿಯಾಂಗ್ ಮತ್ತು ಝಾಂಗ್‌ಗೆ ಎರಡು ವರ್ಷ ತಡೆಹಿಡಿದ ಮರಣದಂಡನೆ, ವಾಂಗ್‌ಗೆ ಜೀವಾವಧಿ, ಉಳಿದ ಏಳು ಜನರಿಗೆ 16ರಿಂದ 20 ವರ್ಷ, ಒಟ್ಟು 124 ವರ್ಷ. ವಾಂಗ್‌ನನ್ನು ಎತ್ತಿದ್ದೂ ಮೇಲಿನವರ ಮಾತು, ಕೆಡವಿದ್ದೂ ಮೇಲಿನವರ ಮಾತು. ಹಾಗಾಗಿ ಕಟಕಟೆಯಲ್ಲಿ ತಲೆಯಾಡಿಸಿದ್ದನ್ನು ನಾನು ಹೇಡಿತನ ಎನ್ನಲಾರೆ. ಆ ಹೊತ್ತಿಗೆ ಮೇಲಿನವರು ಬದಲಾಗಿದ್ದರು, ಅಷ್ಟೆ.

ವಾಂಗ್ ಯಕೃತ್ತಿನ ಕಾಯಿಲೆಯಿಂದ ಸತ್ತದ್ದು 1992ರ ಆಗಸ್ಟ್ 3ರಂದು, 56ನೇ ವಯಸ್ಸಿನಲ್ಲಿ. ಅವನ ಎರಡರಷ್ಟು ವಯಸ್ಸಿನವರು ಕೂತಿದ್ದ ಸಮಿತಿಯಲ್ಲಿ ಕೂತಿದ್ದವನು ಅವರ ವಯಸ್ಸು ಮುಟ್ಟಲೇ ಇಲ್ಲ. 1973ರ ಆಗಸ್ಟ್ 30ರಂದು ಉಪಾಧ್ಯಕ್ಷನಾದಲ್ಲಿಂದ ಬಂಧನದವರೆಗೆ 1133 ದಿನ. ಬಂಧನದಿಂದ ಸಾವಿನವರೆಗೆ 5780 ದಿನ. ಅಧಿಕಾರದ ಒಂದೊಂದು ದಿನಕ್ಕೆ ಐದೈದು ದಿನದ ಸೆರೆ.

17ನೇ ನಂಬರ್ ಗಿರಣಿಯನ್ನು ಜಪಾನೀಯರು ಕಟ್ಟಿದ್ದು 1921ರಲ್ಲಿ. ಅದೇ ವರ್ಷ ಅದೇ ಊರಿನಲ್ಲಿ ಹದಿಮೂರು ಪ್ರತಿನಿಧಿಗಳು ಕೂತು ಚೀನೀ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ಪಕ್ಷ ಇಂದು ಹತ್ತು ಕೋಟಿ ಸದಸ್ಯರದ್ದು. ಗಿರಣಿಯ ಮಗ್ಗಗಳು ನಿಂತಿವೆ. ಹುವಾಂಗ್‌ಪು ನದಿಯ ದಂಡೆಯ ಆ ಕೆಂಪು ಇಟ್ಟಿಗೆಯ ಶೆಡ್ಡುಗಳಲ್ಲಿ ಈಗ ಇರುವುದು ಶಾಂಘೈ ಅಂತರರಾಷ್ಟ್ರೀಯ ಫ್ಯಾಷನ್ ಸೆಂಟರ್.